ನಮ್ಮ ಮನೆಯ ನಲ್ಲಿಯಲ್ಲಿ ಕಾವೇರಿ

ತುಲಾ ಸಂಕ್ರಮಣ ಬಂತೆಂದರೆ ನಮ್ಮ ಸಂಘದ ಯಾವುದಾದರೊಂದು ಮನೆಗೆ ತಲಕಾವೇರಿಯ ತೀರ್ಥ ಬಂದೇ ಬರುತ್ತದೆ. ಊರಿಗೆ ಹೋದವರು ಚಿಕ್ಕ ಸೀಸೆಯಲ್ಲಿ ತಂದು ಆಪ್ತರಿಗೆ ಹಂಚುತ್ತಾರೆ. ಹೋದ ವರ್ಷ ನಮ್ಮ ಮನೆಗೂ ಹಾಗೊಂದು ಸೀಸೆ ಬಂತು. ದೇವರ ಮುಂದಿಟ್ಟು ಮಕ್ಕಳಿಗೆ ಉದ್ಧರಣೆಯಲ್ಲಿ ಕೊಡುತ್ತಿದ್ದಾಗ ನಮ್ಮ ಎಂಟು ವರ್ಷದ ಮಗಳು, "ಅಪ್ಪಾ, ಇದು ನಿಜವಾದ ಕಾವೇರಿ ನೀರಾ?" ಎಂದು ಕೇಳಿದಳು. "ಹೌದಮ್ಮ" ಎಂದೆವು. ಅಷ್ಟರಲ್ಲಿ ಅಡಿಗೆಮನೆಯಿಂದ ನಮ್ಮ ಮನೆಯಾಕೆಯ ದನಿ ಕೇಳಿಸಿತು: "ನಲ್ಲೀಲಿ ಬರೋದೂ ಅದೇ ಅಲ್ಲವೇನ್ರೀ?"

ಗುಮಾಸ್ತನ ಬುದ್ಧಿ ಕಡತ ಬಿಚ್ಚದೆ ಸುಮ್ಮನಿರುವುದಲ್ಲ. ಅಂದಿನಿಂದ ಬಿಡುವಿನ ವೇಳೆಯಲ್ಲೆಲ್ಲ ಕಾವೇರಿಯ ವಿಷಯವಾಗಿ ಓದುತ್ತ, ಭೂಪಟ ನೋಡುತ್ತ ಬಂದೆವು. ಅದರ ಫಲವನ್ನು ವಾಚಕ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ನಲ್ಲಿಯ ಮಾತು. ಚೆನ್ನೈ ಪಟ್ಟಣ ಕಾವೇರಿಯ ದಂಡೆಯಲ್ಲಿಲ್ಲ. ಆ ನದಿಯ ಜಲಾನಯನ ಪ್ರದೇಶದೊಳಗೂ ಇಲ್ಲ. ಇಲ್ಲಿಯವು ಕೂವಂ, ಅಡಯಾರು, ಕೊಸಸ್ತಲೈ ಎಂಬ ಸಣ್ಣ ಹೊಳೆಗಳು. ಪೂಂಡಿ, ಸೆಂಗುಂಡ್ರಂ ಅಥವಾ ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಮುಂತಾದ ಮಳೆನೀರಿನ ಕೆರೆಗಳು. ಊರು ಬೆಳೆದಂತೆ ಇವು ಸಾಲದಾದುವು. ಕಡಲೂರು ಜಿಲ್ಲೆಯಲ್ಲಿ ವೀರಾಣಂ ಎಂಬ ದೊಡ್ಡ ಕೆರೆ ಉಂಟು. ಹತ್ತನೆಯ ಶತಮಾನದಲ್ಲಿ ಚೋಳರು ಕಟ್ಟಿಸಿದ್ದು. ಕಾವೇರಿಯ ಕವಲಾದ ಕೊಳ್ಳಿಡಂ ನದಿಯಿಂದ ವಡವಾರು ಎಂಬ ಕಾಲುವೆಯ ಮೂಲಕ ಅದಕ್ಕೆ ನೀರು. ಆ ಕೆರೆಯಿಂದ ಸುಮಾರು 235 ಕಿಲೋಮೀಟರು ಕೊಳವೆ ಹಾಕಿ 2004ರಲ್ಲಿ ಚೆನ್ನೈಗೆ ನೀರು ತಂದರು. ದಿನವೊಂದಕ್ಕೆ 18 ಕೋಟಿ ಲೀಟರು ತರಬೇಕೆಂಬುದು ಯೋಜನೆ. ಕೆರೆಗಳ ನೀರು, ಆಂಧ್ರದ ಕಡೆಯಿಂದ ಬರುವ ಕೃಷ್ಣೆಯ ನೀರು, ಈಚೆಗೆ ಉಪ್ಪು ತೆಗೆದ ಸಮುದ್ರದ ನೀರು, ಇವುಗಳೊಂದಿಗೆ ಕಾವೇರಿಯೂ ಈ ನಗರದ ನಲ್ಲಿಗಳಿಗೆ ಬರುತ್ತಾಳೆ.

2019ರ ಬೇಸಗೆಯನ್ನು ಇಲ್ಲಿಯ ಯಾವ ಸಂಸಾರವೂ ಮರೆತಿರಲಾರದು. ಕೆರೆಗಳ ತಳ ಬಿರಿದಿತ್ತು. ನಮ್ಮ ಬೀದಿಯಲ್ಲಿ ಲಾರಿ ಬರುವ ಮೊದಲೇ ಬಣ್ಣಬಣ್ಣದ ಕೊಡಗಳು ಸಾಲಾಗಿ ಕುಳಿತಿರುತ್ತಿದ್ದುವು; ಆಫೀಸಿಗೆ ರಜೆ ಹಾಕಿ ನಾವೂ ಕೊಡ ಕಾದಿದ್ದೇವೆ. ಜುಲೈ ತಿಂಗಳಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಬಂತು. 50 ವ್ಯಾಗನ್ನುಗಳ ಒಂದು ಗಾಡಿಗೆ 25 ಲಕ್ಷ ಲೀಟರು. ಜೋಲಾರಪೇಟೆಗೆ ಆ ನೀರು ಬಂದದ್ದು ಮೆಟ್ಟೂರಿನ ಕಡೆಯಿಂದ. ಎಂದರೆ ಅದೂ ಕಾವೇರಿಯೇ. ಕೊಡಗಿನ ಮಳೆ ರೈಲು ಹತ್ತಿ ವಿಲ್ಲಿವಾಕ್ಕಂ ನಿಲ್ದಾಣದಲ್ಲಿ ಇಳಿಯಿತು!

ಎರಡು ಕಡೆಯೂ 'ನಿಮ್ಮವರು'

ಇಷ್ಟಾದರೂ ಕಾವೇರಿಯ ಹೆಸರೆತ್ತಿದರೆ ನಮ್ಮಂಥ ಸಂಸಾರಗಳಲ್ಲಿ ಮಾತು ಸ್ವಲ್ಪ ತಗ್ಗುತ್ತದೆ. ಕಾರಣವನ್ನು ಮುಚ್ಚಿಡಬೇಕಾಗಿಲ್ಲ.

ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನ ಮಿತ್ರರು ತಂಜಾವೂರಿನ ಕಡೆಯವರು. ಮನೆತನದ ಜಮೀನು ಇನ್ನೂ ಉಂಟು. ಜೂನ್ ತಿಂಗಳು ಹುಟ್ಟಿತೆಂದರೆ ಬೆಳಗ್ಗೆ ಪತ್ರಿಕೆ ತೆರೆದು ಮೊದಲು ನೋಡುವುದು ಮೆಟ್ಟೂರು ಜಲಾಶಯದ ಮಟ್ಟ. ನೋಡಿ, ಕನ್ನಡಕದ ಮೇಲಿಂದ ನಮ್ಮ ಕಡೆ ತಿರುಗಿ, "ಏನು ಸಾರ್, ನಿಮ್ಮವರು ಈ ಸಲ ನೀರು ಬಿಡುತ್ತಾರೆಯೇ?" ಎನ್ನುತ್ತಿದ್ದರು. ಕನ್ನಂಬಾಡಿಯ ಬಾಗಿಲ ಬೀಗದ ಕೈ ನಮ್ಮ ಜೇಬಿನಲ್ಲಿದೆಯೋ ಎಂಬಂತೆ! ರಜೆಯಲ್ಲಿ ಊರಿಗೆ ಹೋದರೆ ಮಂಡ್ಯದ ಬಳಿಯ ಹಳ್ಳಿಯಲ್ಲಿ ದೊಡ್ಡಪ್ಪನವರು ಜಗಲಿಯ ಮೇಲೆ ಕುಳಿತು ಕೇಳುತ್ತಾರೆ: "ಏನ್ಲಾ ಮಗ, ನಿಮ್ಮೋರು ಈ ಸಲ ಎಷ್ಟು ನೀರು ಕೇಳ್ತಾವ್ರೆ?" ಅವರದು ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆ. ಹೀಗೆ ಇಲ್ಲಿಯೂ 'ನಿಮ್ಮವರು', ಅಲ್ಲಿಯೂ 'ನಿಮ್ಮೋರು'. ನಡುವೆ ನಾವು.

ಇದು ಬರಿಯ ವಿನೋದವಾಗಿ ಉಳಿಯದ ದಿನಗಳೂ ಉಂಟು. 1991ರ ಡಿಸೆಂಬರಿನ ಗಲಭೆಯ ಕಥೆಯನ್ನು ನಮ್ಮ ಹಿರಿಯರು ಈಗಲೂ ಮೆಲ್ಲನೆ ಹೇಳುತ್ತಾರೆ. 2016ರ ಸೆಪ್ಟೆಂಬರನ್ನು ನಾವೇ ಕಂಡೆವು. ಬೆಂಗಳೂರಿನಲ್ಲಿ ಬಸ್ಸುಗಳು ಉರಿದುವು. ಎರಡು ರಾಜ್ಯಗಳ ನಡುವೆ ಬಸ್ಸಿನ ಸಂಚಾರ ನಿಂತಿತು. ನಮ್ಮ ಮನೆಯಾಕೆ ಆಗತಾನೆ ಮದುವೆಯಾಗಿ ಈ ಊರಿಗೆ ಬಂದಿದ್ದಳು. "ಬಸ್ ಸ್ಟಾಪಿನಲ್ಲಿ ಅಮ್ಮನಿಗೆ ಫೋನು ಮಾಡುವಾಗ ಸ್ವಲ್ಪ ಮೆಲ್ಲಗೆ ಮಾತಾಡು" ಎಂದು ಹೇಳಬೇಕಾಯಿತು. ಯಾರೂ ನಮಗೇನೂ ಮಾಡಲಿಲ್ಲ. ನೆರೆಮನೆಯ ತಾಯಿ ಎಂದಿನಂತೆ ಕರಿಬೇವು ಕೇಳಿಕೊಂಡು ಬಂದರು. ಆದರೂ ತಾಯ್ನುಡಿಯನ್ನು ಮೆಲ್ಲಗೆ ಆಡೆಂದು ಹೆಂಡತಿಗೆ ಹೇಳಿದ ಆ ಮಾತು ನಮ್ಮ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿದೆ. ಮುಂದೆ ಮಕ್ಕಳಿಗೂ ಹಾಗೆ ಹೇಳುವ ಕಾಲ ಬಾರದಿರಲಿ. ಅದಕ್ಕಾಗಿಯಾದರೂ ಈ ನದಿಯ ನಿಜಸ್ಥಿತಿಯನ್ನು ನಾವು ತಿಳಿದಿರಬೇಕು.

ತಲಕಾವೇರಿಯಿಂದ ಪೂಂಪುಹಾರಿನವರೆಗೆ

ಕಾವೇರಿ ಹುಟ್ಟುವುದು ಕೊಡಗಿನ ಬ್ರಹ್ಮಗಿರಿಯಲ್ಲಿ. ಅಲ್ಲಿಂದ ಬಂಗಾಳ ಕೊಲ್ಲಿಯ ಪೂಂಪುಹಾರಿನವರೆಗೆ ಸುಮಾರು 800 ಕಿಲೋಮೀಟರು ಹರಿಯುತ್ತಾಳೆ. ಅದರಲ್ಲಿ ಸುಮಾರು 320 ಕಿಲೋಮೀಟರು ಕರ್ನಾಟಕದಲ್ಲಿ, 416 ತಮಿಳುನಾಡಿನಲ್ಲಿ. ಉಳಿದ 64 ಕಿಲೋಮೀಟರು ಎರಡು ರಾಜ್ಯಗಳ ನಡುವಣ ಗಡಿಯೇ ಈ ನದಿ. ನದಿಗೂ ಉಪನದಿಗಳಿಗೂ ನೀರು ಒದಗಿಸುವ ಪ್ರದೇಶ 81,155 ಚದರ ಕಿಲೋಮೀಟರು. ಕೇರಳಕ್ಕೂ ಪುದುಚೇರಿಯ ಕಾರೈಕಾಲಿಗೂ ಅದರಲ್ಲಿ ಪಾಲುಂಟು.

ತಲಕಾವೇರಿಯಲ್ಲಿ ಕಾಣುವುದು ಒಂದು ಚಿಕ್ಕ ಕುಂಡಿಕೆ. ಭಾಗಮಂಡಲದಲ್ಲಿ ಕನಕೆ, ಸುಜ್ಯೋತಿಗಳ ಸಂಗಮ. ಮುಂದೆ ಕೂಡಿಗೆಯ ಬಳಿ ಹಾರಂಗಿ ಸೇರುತ್ತಾಳೆ. ಚಿಕ್ಕಮಗಳೂರಿನ ಮಲೆಗಳಿಂದ ಇಳಿದ ಹೇಮಾವತಿಯೂ ಕೊಡಗಿನ ಲಕ್ಷ್ಮಣತೀರ್ಥವೂ ಬಂದು ಕೂಡುವೆಡೆಯಲ್ಲೇ ಕನ್ನಂಬಾಡಿಯ ಕಟ್ಟೆ. ಆಮೇಲೆ ಶ್ರೀರಂಗಪಟ್ಟಣ. ಕೇರಳದ ವಯನಾಡಿನಿಂದ ಬರುವ ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಸೇರುತ್ತಾಳೆ. ತಲಕಾಡಿನ ಮರಳನ್ನು ಬಳಸಿ ಬಂದ ನದಿ ಶಿವನಸಮುದ್ರದಲ್ಲಿ ಎರಡು ಹೋಳಾಗಿ ಗಗನಚುಕ್ಕಿ, ಭರಚುಕ್ಕಿ ಎಂಬ ಜಲಪಾತಗಳಾಗಿ ಧುಮುಕುತ್ತದೆ. ಶಿಂಷಾ, ನಂದಿಬೆಟ್ಟದ ಕಡೆಯಿಂದ ಬಂದ ಅರ್ಕಾವತಿ ಇವನ್ನೂ ಕೂಡಿಸಿಕೊಂಡು ಮೇಕೆದಾಟಿನ ಇರುಕಿನಲ್ಲಿ ನುಸುಳಿ ಗಡಿ ಸೇರುತ್ತದೆ.

ಗಡಿ ದಾಟಿದರೂ ಕನ್ನಡ ಒಮ್ಮೆಗೇ ಮುಗಿಯುವುದಿಲ್ಲ. ಧರ್ಮಪುರಿ ಜಿಲ್ಲೆಯ ಹೊಗೆನಕಲ್ಲು ನೋಡಿದವರು ಅನೇಕರಿದ್ದೀರಿ. ಹೊಗೆಯಾಡುವ ಕಲ್ಲು ಎಂಬ ಅಚ್ಚಗನ್ನಡದ ಹೆಸರು. ಅದರ ಕೆಳಗೆ ಮೆಟ್ಟೂರು. ಭವಾನಿ ಪಟ್ಟಣದ ಕೂಡುದುರೈಯಲ್ಲಿ ಭವಾನಿ ನದಿಯೂ ಮುಂದೆ ನೊಯ್ಯಲ್, ಅಮರಾವತಿಗಳೂ ಸೇರುತ್ತವೆ. ತಿರುಚಿನಾಪಳ್ಳಿಗೆ ಮೇಲೆ ನದಿಯ ಹರವು ಎಷ್ಟೆಂದರೆ ಅಲ್ಲಿಯ ಜನ ಅದನ್ನು ಅಖಂಡ ಕಾವೇರಿ ಎಂದೇ ಕರೆಯುತ್ತಾರೆ. ಮುಕ್ಕೊಂಬಿನಲ್ಲಿ ಅದು ಕಾವೇರಿ, ಕೊಳ್ಳಿಡಂ ಎಂದು ಎರಡಾಗಿ ಶ್ರೀರಂಗದ ದ್ವೀಪವನ್ನು ತಬ್ಬುತ್ತದೆ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ಇದು ಅಂತ್ಯರಂಗ. ಮೂರು ನಡುಗಡ್ಡೆಗಳಲ್ಲಿಯೂ ಮಲಗಿರುವವನು ಒಬ್ಬನೇ ರಂಗನಾಥ.

ಆಮೇಲೆ ಕರಿಕಾಲ ಚೋಳನ ಹೆಸರಿನೊಂದಿಗೆ ಬಂದಿರುವ ಕಲ್ಲಣೆ. ಮರಳಿನ ಮೇಲೆ ಕಲ್ಲು ಕೂರಿಸಿ ಹೊಳೆ ಕಟ್ಟಿದ ಆ ಜಾಣ್ಮೆಯನ್ನು ಕಂಡು ಕಲಿತ ಆಂಗ್ಲ ಇಂಜಿನಿಯರು ಆರ್ಥರ್ ಕಾಟನ್ 1836ರ ಸುಮಾರಿಗೆ ಮುಕ್ಕೊಂಬಿನಲ್ಲಿ ಮೇಲಣೆ ಕಟ್ಟಿದನು. ಕಲ್ಲಣೆಯಿಂದ ಕೆಳಗೆ ಕಾವೇರಿ, ವೆಣ್ಣಾರು, ಅವುಗಳ ನೂರಾರು ಕವಲುಗಳು ಬೀಸಣಿಗೆಯಂತೆ ಹರಡಿ ತಂಜಾವೂರಿನ ಬತ್ತದ ಬಯಲಾಗುತ್ತವೆ. ಕೊನೆಗೆ ಪೂಂಪುಹಾರಿನಲ್ಲಿ ನಾವು ಕಂಡ ಕಾವೇರಿ ಒಂದು ಸಣ್ಣ ಹೊಳೆ. ಮಂಡ್ಯದ ನಾಲೆಗಳಿಂದ ತಂಜಾವೂರಿನ ಕಾಲುವೆಗಳವರೆಗೆ ದಾರಿಯುದ್ದಕ್ಕೂ ಹಂಚಿಕೊಟ್ಟು ಬರಿಗೈಯಲ್ಲಿ ಕಡಲಿಗೆ ಬಂದ ತಾಯಿಯಂತೆ ಕಂಡಳು.

ಈ ಹೊಳೆಯುದ್ದಕ್ಕೂ ಹಿಂದಿನವರು ಬಹಳ ಓಡಾಡಿದ್ದಾರೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಮೇಲಕ್ಕೆ ಬಂದು ಗಂಗರ ತಲಕಾಡನ್ನು ಗೆದ್ದರು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನು ಅದನ್ನು ಮರಳಿ ಪಡೆದನು. ಹದಿಮೂರನೆಯ ಶತಮಾನದಲ್ಲಿ ಅವನ ವಂಶದ ವೀರಸೋಮೇಶ್ವರನು ಕೆಳಕ್ಕೆ ಹೋಗಿ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ನೆಲಸಿ ಆಳಿದನು. ಕನ್ನಡನಾಡಿನ ತೆಂಕಣ ಎಲ್ಲೆ ಕಾವೇರಿಯೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳುತ್ತದೆ. ಅದೇ ನದಿಯ ಕಡಲ ಬಾಯಲ್ಲಿದ್ದ ಕಾವೇರಿಪೂಂಪಟ್ಟಿನದಲ್ಲಿ ತಮಿಳರ ಶಿಲಪ್ಪದಿಕಾರಂ ಕಥೆ ತೊಡಗುತ್ತದೆ.

ಎರಡು ಕಂತಿನ ಸಂಬಳ

ಇನ್ನು ನಮ್ಮ ಲೇಖನದ ಮುಖ್ಯ ಸಂಗತಿಗೆ ಬರೋಣ. ಕಾವೇರಿಯ ಕಷ್ಟವೆಲ್ಲ ಇರುವುದು ಅದರ ಮಳೆಯಲ್ಲಿ.

ಗಂಗೆಗೆ ಹಿಮಾಲಯದ ಹಿಮವೆಂಬ ಪ್ರಾವಿಡೆಂಟ್ ಫಂಡು ಉಂಟು. ಬೇಸಗೆಯಲ್ಲಿ ಅದು ಕರಗಿ ಕೈಹಿಡಿಯುತ್ತದೆ. ಉಷ್ಣವಲಯದ ನದಿಯಾದ ಕಾವೇರಿಗೆ ಆ ಗಂಟಿಲ್ಲ; ಆಕೆ ನಮ್ಮಂತೆಯೇ ಸಂಬಳದವಳು. ಆ ಸಂಬಳವಾದರೂ ಎರಡು ಕಂತಿನಲ್ಲಿ, ಎರಡು ಕಡೆಯಲ್ಲಿ ಬರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತ. ಆಗ ಕೊಡಗು, ವಯನಾಡು, ಚಿಕ್ಕಮಗಳೂರಿನ ಮಲೆಗಳಲ್ಲಿ ಎಡೆಬಿಡದ ಮಳೆ. ಭಾಗಮಂಡಲದಲ್ಲಿ ವರ್ಷಕ್ಕೆ ಬೀಳುವ ಮಳೆ ಚೆನ್ನೈಯ ಮಳೆಯ ಮೂರರಷ್ಟಕ್ಕೂ ಹೆಚ್ಚು. ಮಲೆಗಳನ್ನು ದಾಟಿದ ಮೋಡದಲ್ಲಿ ಹೆಚ್ಚು ನೀರಿರುವುದಿಲ್ಲ. ಆದಕಾರಣ ಮಂಡ್ಯದ ಬಯಲಿಗೂ ತಂಜಾವೂರಿಗೂ ಆ ತಿಂಗಳುಗಳಲ್ಲಿ ಬರುವುದು ಬಹುಮಟ್ಟಿಗೆ ಹೊಳೆಯ ನೀರೇ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತ. ಅದು ಕರಾವಳಿಯ ತಮಿಳುನಾಡಿಗೆ ಧಾರಾಳ, ಮೈಸೂರಿನ ಕಡೆಗೆ ಅಲ್ಪ.

ಈಗ ಬೆಳೆಯ ಲೆಕ್ಕ ನೋಡಿ. ಜೂನ್ 12ರಂದು ಮೆಟ್ಟೂರಿನ ಬಾಗಿಲು ತೆರೆಯುವುದು ವಾಡಿಕೆ. ಆ ನೀರಿನಲ್ಲಿ ತಂಜಾವೂರಿನವರು ಕುರುವೈ ಎಂಬ ಮುಂಗಾರು ಬತ್ತ ಹಾಕುತ್ತಾರೆ. ಅದೇ ಹೊತ್ತಿಗೆ ಮಂಡ್ಯದವರೂ ಬತ್ತದ ಸಸಿಮಡಿ ಮಾಡುತ್ತಾರೆ. ಕಬ್ಬಿಗೂ ನೀರು ಬೇಕು. ಕೊಡಗಿನಲ್ಲಿ ಮಳೆ ಹಿಡಿದರೆ ಯಾರಿಗೂ ಯಾರ ನೆನಪೂ ಇಲ್ಲ. 2018ರ ಆಗಸ್ಟಿನಲ್ಲಿ ನೆರೆ ಬಂದು ಮುಕ್ಕೊಂಬಿನ ಹಳೆಯ ಅಣೆಯ ಬಾಗಿಲುಗಳೇ ಕೊಚ್ಚಿಹೋದುವು. ಆಗ 'ನಿಮ್ಮವರು' ಎಂದು ಯಾರೂ ನಮ್ಮನ್ನು ಕೇಳಲಿಲ್ಲ. ಮಳೆ ಕೈಕೊಟ್ಟ 2012, 2016, 2023ರಂಥ ವರ್ಷಗಳಲ್ಲಿ ಮಾತ್ರ ಇಬ್ಬರೂ ಒಂದೇ ಕೊಡಕ್ಕೆ ಕೈ ಹಾಕುತ್ತಾರೆ. ಇಬ್ಬರ ಗದ್ದೆಯೂ ಒಣಗುತ್ತಿರುತ್ತದೆ. ದೊಡ್ಡಪ್ಪನವರ ಕಣ್ಣೀರೂ ಸುಳ್ಳಲ್ಲ, ನಮ್ಮ ಆಫೀಸಿನ ಮಿತ್ರರ ಸಂಕಟವೂ ಸುಳ್ಳಲ್ಲ. ಜಗತ್ತಿನ ಬೇರೆಡೆಗಳಲ್ಲಿಯೂ ಇದೇ ಕಥೆ: ಇಥಿಯೋಪಿಯದ ಬೆಟ್ಟಗಳ ಮಳೆಯನ್ನು ನಂಬಿ ಈಜಿಪ್ಟಿನ ಬೇಸಾಯ ಬದುಕುತ್ತದೆ.

ಕಟ್ಟೆಗಳೂ ಲೆಕ್ಕಗಳೂ

ಇಂಥ ನದಿಗೆ ಕಟ್ಟೆಯೇ ಕಣಜ. ಮೈಸೂರು ಸಂಸ್ಥಾನ 1911ರಲ್ಲಿ ಕನ್ನಂಬಾಡಿಯಲ್ಲಿ ಕೆಲಸ ತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆ, ಸಿಮೆಂಟಿನ ಬದಲು ಸುರ್ಕಿ ಗಾರೆ. 1930ರ ದಶಕದ ಆರಂಭದಲ್ಲಿ ಪೂರ್ಣವಾದ ಕೃಷ್ಣರಾಜಸಾಗರದಲ್ಲಿ 49.45 ಟಿ.ಎಂ.ಸಿ. ನೀರು ನಿಲ್ಲುತ್ತದೆ. 1934ರಲ್ಲಿ ಮುಗಿದ ಮೆಟ್ಟೂರಿನಲ್ಲಿ 93.47 ಟಿ.ಎಂ.ಸಿ. ಈ ಟಿ.ಎಂ.ಸಿ. ಎಂಬುದು ಪತ್ರಿಕೆಗಳಲ್ಲಿ ದಿನವೂ ಕಾಣುವ ಮಾತು. ಅದು ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರು. ನಾವು ಲೆಕ್ಕ ಹಾಕಿ ನೋಡಿದೆವು. ವೀರಾಣಂ ಕೊಳವೆಯಲ್ಲಿ ಒಂದು ಟಿ.ಎಂ.ಸಿ. ನೀರು ಐದು ತಿಂಗಳು ಬರುತ್ತದೆ.

ಕಾವೇರಿ ಕೊಟ್ಟದ್ದು ಬರಿಯ ಬತ್ತವಲ್ಲ, ಬೆಳಕನ್ನೂ ಕೊಟ್ಟಿದ್ದಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ 92 ಮೈಲಿ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಈಗ ಆ ಬೆಂಗಳೂರೇ ಬಾಯಾರಿದೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಐನೂರು ಮೀಟರು ಎತ್ತರಕ್ಕೆ ನೀರನ್ನು ನೂಕಿ ಕುಡಿಯುತ್ತಿದೆ; ಅದರ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ತೊಡಗಿತು. ಚೆನ್ನೈಗೆ ಕಾವೇರಿ ದೂರ, ಬೆಂಗಳೂರಿಗೂ ದೂರ. ಆದರೂ ಎರಡೂ ರಾಜಧಾನಿಗಳು ಒಂದೇ ತಾಯಿಯ ಹಾಲು ಕುಡಿಯುತ್ತಿವೆ.

ವ್ಯಾಜ್ಯದ ಕಡತ ಬಲು ದಪ್ಪ. ಮುಖ್ಯ ಹಾಳೆಗಳನ್ನಷ್ಟೇ ತಿರುವೋಣ. ಮೈಸೂರು, ಮದರಾಸುಗಳ ನಡುವೆ 1892ರಲ್ಲಿ ಮತ್ತು 1924ರಲ್ಲಿ ಒಪ್ಪಂದಗಳಾದುವು. 1990ರಲ್ಲಿ ನ್ಯಾಯಮಂಡಳಿ ನೇಮಕವಾಯಿತು. ಅದರ ಅಂತಿಮ ತೀರ್ಪು 2007ರಲ್ಲಿ ಬಂತು: ಸಾಮಾನ್ಯ ವರ್ಷದಲ್ಲಿ ಜಲಾನಯನದ ಒಟ್ಟು ನೀರು 740 ಟಿ.ಎಂ.ಸಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಪಾಲನ್ನು ಸ್ವಲ್ಪ ತಿದ್ದಿತು. ಅದರಂತೆ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಟಿ.ಎಂ.ಸಿ. ಉಳಿದ 14 ಪರಿಸರಕ್ಕಾಗಿಯೂ ಕಡಲು ಸೇರುವುದಕ್ಕಾಗಿಯೂ. ಗಡಿಯ ಬಿಳಿಗುಂಡ್ಲು ಎಂಬಲ್ಲಿ ಅಳೆದು ಕರ್ನಾಟಕ ವರ್ಷಕ್ಕೆ 177.25 ಟಿ.ಎಂ.ಸಿ. ಬಿಡಬೇಕು. ಇದನ್ನು ನೋಡಿಕೊಳ್ಳಲು ಅದೇ ವರ್ಷ ಪ್ರಾಧಿಕಾರವೂ ಆಯಿತು. ತಮಿಳುನಾಡಿನ 404ರಲ್ಲಿ ಗಡಿಯಿಂದ ಇಳಿಯುವುದು ಅರ್ಧಕ್ಕಿಂತ ಕಡಮೆ. ಉಳಿದುದು ಅವರ ನೆಲದಲ್ಲೇ ದೊರೆಯುವುದು. ಈ ಒಂದು ಸಂಗತಿಯನ್ನು ಎರಡು ಕಡೆಯವರೂ ಅರಿತರೆ ಎಷ್ಟೋ ಮಾತು ತಣ್ಣಗಾದೀತು. ಸಾಮಾನ್ಯ ವರ್ಷಕ್ಕೆ ಲೆಕ್ಕ ಸಿದ್ಧವಾಗಿದೆ. ಮಳೆ ತಪ್ಪಿದ ವರ್ಷದಲ್ಲಿ ಕಡಮೆಯನ್ನು ಹೇಗೆ ಹಂಚುವುದೆಂಬಲ್ಲಿಯೇ ಇಂದಿಗೂ ತೊಡಕು.

ತುಲಾ ಮಾಸದ ಒಂದು ಸೀಸೆ

ಮೊದಲು ಹೇಳಿದ ತೀರ್ಥದ ಸೀಸೆಗೆ ಮರಳೋಣ. ಅದರಲ್ಲಿ ಸ್ವಲ್ಪ ಉಳಿದಿತ್ತು. ನಮ್ಮ ಮನೆಯಾಕೆ ಅದನ್ನು ಪುಟ್ಟ ಡಬ್ಬಿಗೆ ಹಾಕಿ, "ನಿಮ್ಮ ಆಫೀಸಿನ ಆ ತಂಜಾವೂರಿನವರಿಗೆ ಕೊಡಿ" ಎಂದಳು. ನಮಗೆ ಸಂಕೋಚ. ಆ ವಿಷಯವನ್ನು ನಾವಾಗಿ ಎತ್ತುವುದೇಕೆ ಎಂದುಕೊಂಡೇ ಊಟದ ಬಿಡುವಿನಲ್ಲಿ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು, ತಲಕಾವೇರಿಯದು ಎಂದೆವು.

ಅವರು ಎದ್ದು ನಿಂತರು. ಕೈ ತೊಳೆದು ಬಂದು, ಡಬ್ಬಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅವರ ತಾಯಿ ಪ್ರತಿವರ್ಷ ಐಪ್ಪಸಿ ತಿಂಗಳಲ್ಲಿ ಮಾಯವರದ ಕಾವೇರಿಯಲ್ಲಿ ತುಲಾಸ್ನಾನ ಮಾಡುತ್ತಿದ್ದರಂತೆ. ಐಪ್ಪಸಿ ಎಂದರೆ ನಮ್ಮ ತುಲಾ ಮಾಸವೇ. ಅತ್ತ ಕೊಡಗಿನಲ್ಲಿ ತೀರ್ಥೋದ್ಭವವಾಗುವ ದಿನ ಇತ್ತ ಮಾಯವರದಲ್ಲಿ, ಇಂದಿನ ಮಯಿಲಾಡುತುರೈಯಲ್ಲಿ, ತಿಂಗಳ ಸ್ನಾನ ತೊಡಗುತ್ತದೆ. ಆಡಿ ತಿಂಗಳ ಹದಿನೆಂಟರಂದು ಅವರು ಆಡಿಪ್ಪೆರುಕ್ಕು ಮಾಡಿ, ಹೊಳೆಯ ದಡದಲ್ಲಿ ಚಿತ್ರಾನ್ನದ ಬುತ್ತಿ ಬಿಚ್ಚುವುದೂ ಕೊಡಗಿನ ಮಳೆ ತಂದ ಹೊಸ ನೀರನ್ನು ಕಂಡ ಸಂತೋಷಕ್ಕಾಗಿಯೇ. ಕಡತದಲ್ಲಿ ನಾವು ಕಾಣದಿದ್ದುದನ್ನು ಅವರು ಐದು ನಿಮಿಷದಲ್ಲಿ ಹೇಳಿದರು. ಡಬ್ಬಿಯನ್ನು ಚೀಲದೊಳಗಿಡುತ್ತ, "ಅಂತೂ ನಿಮ್ಮವರು ಸ್ವಲ್ಪ ನೀರು ಬಿಟ್ಟರು ಸಾರ್" ಎಂದು ನಕ್ಕರು. ನಾವೂ ನಕ್ಕೆವು. ಆ ಮಾತಿಗೆ ನಾವು ನಕ್ಕದ್ದು ಅದೇ ಮೊದಲು.

ಈಗ ಮತ್ತೆ ತುಲಾ ಮಾಸ, ಹಿಂದೆಯೇ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆ ನಮ್ಮ ಮನೆಗಳಲ್ಲಿ ಹಂಡೆಯಿಲ್ಲದಿದ್ದರೆ ಬಕೆಟ್ಟಿಗಾದರೂ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಏಳು ನದಿಗಳ ಹೆಸರು ಹೇಳಿ ನೀರು ತುಂಬುತ್ತೇವೆ. ಅದರಲ್ಲಿ ಕೊನೆಯ ಹೆಸರು ಕಾವೇರಿ. ಆ ಹೊತ್ತಿನಲ್ಲಿ ಮಕ್ಕಳನ್ನು ಹತ್ತಿರ ಕರೆದು, ಈ ನೀರು ಯಾವ ಬೆಟ್ಟದಲ್ಲಿ ಮಳೆಯಾಯಿತು, ಯಾವ ಕಟ್ಟೆಯಲ್ಲಿ ನಿಂತಿತು, ಯಾರ ಗದ್ದೆಯ ಪಕ್ಕದಲ್ಲಿ ಹರಿದು ಬಂತು ಎಂದು ನಾಲ್ಕು ಮಾತು ಹೇಳೋಣ. ರಜೆಯಲ್ಲಿ ಭಾಗಮಂಡಲಕ್ಕೆ ಕರೆದೊಯ್ದಂತೆ ಕಲ್ಲಣೆಗೂ ಕರೆದೊಯ್ಯೋಣ. ಹಾಗೆ ಬೆಳೆದ ಮಕ್ಕಳಿಗೆ ಬಸ್ ಸ್ಟಾಪಿನಲ್ಲಿ ದನಿ ತಗ್ಗಿಸುವ ಅಗತ್ಯ ಬರಲಾರದು.

ಈ ವರ್ಷ ಜೂನ್ ತಿಂಗಳಲ್ಲಿ ನಮ್ಮ ಮಿತ್ರರು ಎಂದಿನಂತೆ ಪತ್ರಿಕೆ ತೆರೆದರು, ಮೆಟ್ಟೂರಿನ ಮಟ್ಟ ನೋಡಿದರು, ಕನ್ನಡಕದ ಮೇಲಿಂದ ನಮ್ಮ ಕಡೆ ತಿರುಗಿದರು. ನಾವು ಉತ್ತರ ಸಿದ್ಧಮಾಡಿಕೊಂಡಿದ್ದೆವು. ಆದರೆ ಈ ಸಲ ಅವರ ಪ್ರಶ್ನೆಯೇ ಬೇರೆಯಾಗಿತ್ತು:

"ಸಾರ್, ಕೊಡಗಿನಲ್ಲಿ ಮಳೆ ಹೇಗಿದೆಯಂತೆ?"